ಗಣಿ ನಿಂತ ಊರಲ್ಲಿ ಯೋಬನ ಗ್ರಂಥ

ಮನೆ ಕೂಟ, ಅಂದರೆ ಯಾರದಾದರೂ ಮನೆಯಲ್ಲಿ ಸೇರಿ ಸತ್ಯವೇದ (ಬೈಬಲ್) ಓದಿ ಪ್ರಾರ್ಥಿಸುವ ಕೂಟ, ನಡೆಸುವುದು ಹೇಗೆ ಅಂತ ನಮ್ಮ ಕ್ರೈಸ್ತ ಸಭೆಯ ಹುಡುಗರು ಆಗಾಗ ಕೇಳುತ್ತಾರೆ. ಎಲ್ಲ ಚೆನ್ನಾಗಿರುವಾಗ ಅದರಲ್ಲಿ ಕಲಿಯುವಂಥದ್ದು ಹೆಚ್ಚೇನಿಲ್ಲ. ಎರಡು ಹಾಡು, ಒಂದು ಅಧ್ಯಾಯ, ದೇವರು ತಮಗೆ ಮಾಡಿದ್ದನ್ನು ಹೇಳಿಕೊಳ್ಳುವ ಒಂದಿಷ್ಟು ಸಾಕ್ಷಿ, ಪ್ರಾರ್ಥನೆ, ಚಹಾ. ಕೂತವರಲ್ಲಿ ಮುಕ್ಕಾಲು ಪಾಲು ಜನರ ದುಡಿಮೆ ಒಮ್ಮೆಗೇ ನಿಂತುಹೋದರೆ ಆಗ ಏನು ಓದಬೇಕು, ಏನೆಂದು ಪ್ರಾರ್ಥಿಸಬೇಕು ಅನ್ನುವುದು ಬೇರೆ ಮಾತು. ಗೋವಾದಲ್ಲಿ ನಮಗೆ ಅದು ಎರಡು ಸಲ ಬಂತು. ಆಗ ನಾವು ಮಾಡಿದ್ದನ್ನು ಬರೆಯುತ್ತಿದ್ದೇನೆ.

ನಾನು ಪಾಸ್ಟರ್ ಅಲ್ಲ. ಟಿಪ್ಪರ್‌ಗಳ ವೈರಿಂಗ್, ಸೆಲ್ಫ್, ಆಲ್ಟರ್ನೇಟರ್ ರಿಪೇರಿ ಮಾಡಿಕೊಂಡು ದಕ್ಷಿಣ ಗೋವಾದ ಕುಡಚಡೆಯಲ್ಲಿ ಸಂಸಾರ ಸಾಗಿಸಿದವನು. ಊರು ಬೆಟಗೇರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆ ಹರಡಿದಾಗ ಸಭೆಗೆ ಸೇರಿದ ಮನೆತನಗಳಲ್ಲಿ ನಮ್ಮದೂ ಒಂದು. ಗೋವಾಕ್ಕೆ ಬಂದ ಮೇಲೆ ಸುತ್ತ ಕೊಂಕಣಿ ಕಥೋಲಿಕರ ದೊಡ್ಡ ದೊಡ್ಡ ಇಗರ್ಜಿಗಳು. ಕನ್ನಡದಲ್ಲಿ ಪ್ರಾರ್ಥಿಸಬೇಕೆಂದರೆ ಯಾರದಾದರೂ ಬಾಡಿಗೆ ಖೋಲಿಯೇ ಗತಿ. ನಮ್ಮ ಕೂಟಕ್ಕೆ ಬರುತ್ತಿದ್ದವರು ಟಿಪ್ಪರ್ ಡ್ರೈವರ್‌ಗಳು, ಕ್ಲೀನರ್‌ಗಳು, ಟೈರ್ ಪಂಕ್ಚರ್ ಹಾಕುವವರು, ರೊಟ್ಟಿ ಖಾನಾವಳಿ ನಡೆಸುವ ಅಕ್ಕಂದಿರು. ಕೆಲವರು ಸಾಲ ಮಾಡಿ ಸ್ವಂತ ಗಾಡಿ ಇಳಿಸಿದ್ದರು. ಸಾಂಗೆ, ಕೇಪೆ ತಾಲ್ಲೂಕಿನ ಗಣಿಗಳಿಂದ ಕಬ್ಬಿಣದ ಅದಿರು ಟಿಪ್ಪರ್‌ನಲ್ಲಿ ನದಿ ಧಕ್ಕೆಗೆ, ಅಲ್ಲಿಂದ ಬಾರ್ಜ್‌ನಲ್ಲಿ ಜುವಾರಿ ಹಿಡಿದು ಮುರ್ಗಾಂವ್ ಬಂದರಿಗೆ, ಅಲ್ಲಿಂದ ಬಹುಪಾಲು ಚೀನಾಕ್ಕೆ. ಈ ಸರಪಳಿಯ ಯಾವುದೋ ಒಂದು ಕೊಂಡಿಯಲ್ಲಿ ನಮ್ಮೆಲ್ಲರ ಅನ್ನ ಸಿಕ್ಕಿಕೊಂಡಿತ್ತು.

2012ರ ಸೆಪ್ಟೆಂಬರ್‌ನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಶಾ ಆಯೋಗದ ವರದಿ ಸಂಸತ್ತಿನಲ್ಲಿ ಮಂಡನೆಯಾಯಿತು. ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರ ಗಣಿ ನಿಲ್ಲಿಸಿತು, ಅಕ್ಟೋಬರ್ 5ಕ್ಕೆ ಸುಪ್ರೀಂ ಕೋರ್ಟೂ ತಡೆ ಹಾಕಿತು. 2014ರ ಏಪ್ರಿಲ್‌ನಲ್ಲಿ ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿ ಬಿಟ್ಟರು. ಉಸಿರಾಡುವಷ್ಟರಲ್ಲಿ 2018ರ ಫೆಬ್ರವರಿ 7ರ ತೀರ್ಪು ಬಂತು. 88 ಲೀಸ್ ರದ್ದು, ಮಾರ್ಚ್ 16ರಿಂದ ಮತ್ತೆ ಎಲ್ಲ ಬಂದ್. ರಸ್ತೆ ಬದಿ ಸಾಲಾಗಿ ನಿಂತ ಟಿಪ್ಪರ್‌ಗಳ ಮೇಲೆ ಮಳೆಗಾಲ ಮುಗಿಯುವಷ್ಟರಲ್ಲಿ ಬಳ್ಳಿ ಹಬ್ಬಿರುತ್ತಿತ್ತು.

ಮೊದಲು ಮಾಡಿದ ಕೆಲಸ, ವಾಗ್ದಾನದ ಕಾರ್ಡುಗಳನ್ನು ಸ್ವಲ್ಪ ದಿನ ಕಪಾಟಿಗೆ ಸೇರಿಸಿದ್ದು. ಹೊಸ ವರ್ಷದ ರಾತ್ರಿ ಒಬ್ಬೊಬ್ಬರೂ ಒಂದೊಂದು ಕಾರ್ಡು ಎತ್ತಿ, ಅದರಲ್ಲಿನ ವಚನವನ್ನು ವರ್ಷವಿಡೀ ಹಿಡಿದುಕೊಳ್ಳುವುದು ನಮ್ಮಲ್ಲಿ ರೂಢಿ. ಅದನ್ನು ನಾನು ಹಳಿಯುವುದಿಲ್ಲ, ನನ್ನ ತಾಯಿ ಅದರಲ್ಲೇ ಬದುಕು ಕಳೆದರು. ಆದರೆ ಪ್ರವಾದಿ ಯೆರೆಮೀಯನ ಗ್ರಂಥದ 29:11, ಅಂದರೆ ನಿಮ್ಮ ಹಿತಕ್ಕಾಗಿಯೇ ಯೋಚಿಸಿದ್ದೇನೆ, ನಿಮಗೆ ಒಳ್ಳೆಯ ಗತಿ ಇರಲಿ ಎಂದು ದೇವರು ಹೇಳುವ ಮಾತು, ಪ್ರತಿ ಮನೆಯ ಕ್ಯಾಲೆಂಡರಿನಲ್ಲೂ ತೂಗುತ್ತಿತ್ತು. ಅದರ ಕೆಳಗೇ ಫೈನಾನ್ಸ್‌ನವರು ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಆ ವಚನ ಬಿಡುವುದು ಬೇಡ, ಅದರ ಹಿಂದು ಮುಂದನ್ನೂ ಓದೋಣ ಅಂದೆ. 28ನೇ ಅಧ್ಯಾಯದಿಂದ ಶುರು ಮಾಡಿದೆವು.

ಬಾಬೆಲಿನ ಅರಸ ಯೆಹೂದ್ಯರನ್ನು ಸೋಲಿಸಿ ಹಲವರನ್ನು ಸೆರೆ ಒಯ್ದ ಕಾಲ ಅದು. ಅಲ್ಲಿ ಹನನ್ಯ ಎಂಬ ಪ್ರವಾದಿ ಇದ್ದಾನೆ. ಬಾಬೆಲಿನ ನೊಗ ಎರಡೇ ವರ್ಷದಲ್ಲಿ ಮುರಿಯುತ್ತದೆ, ಸೆರೆಗೆ ಹೋದವರೆಲ್ಲ ವಾಪಸ್ ಬರುತ್ತಾರೆ ಎಂದು ದೇವಾಲಯದಲ್ಲಿ ಎಲ್ಲರೆದುರು ಸಾರುತ್ತಾನೆ, ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗ ತೆಗೆದು ಮುರಿಯುತ್ತಾನೆ. ಯೆರೆಮೀಯ ಮೊದಲು ಹೇಳುವುದು ‘ಆಮೆನ್, ಹಾಗೇ ಆಗಲಿ’ ಎಂದು. ಆಮೇಲೆ ದೇವರ ಮಾತು ಬರುತ್ತದೆ: ಮರದ ನೊಗದ ಜಾಗಕ್ಕೆ ಕಬ್ಬಿಣದ ನೊಗ. ಮುಂದಿನ ಅಧ್ಯಾಯದಲ್ಲಿ ಸೆರೆಯವರಿಗೆ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ವಾಪಸ್ ಬರಲು 70 ವರ್ಷ ಹಿಡಿಯುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಬರುವುದು ಆ ಕ್ಯಾಲೆಂಡರಿನ ವಚನ.

ಇದನ್ನು ಓದಿದ ವಾರವೇ ಹೊರಗಿನಿಂದ ಒಬ್ಬ ಬೋಧಕರು ಬಂದು, ಮೂರು ತಿಂಗಳಲ್ಲಿ ಗಣಿ ತೆರೆಯುತ್ತದೆಂದು ಕರ್ತನು ತೋರಿಸಿದ್ದಾನೆ, ನಂಬಿ ಬೀಜದ ಕಾಣಿಕೆ, ಅಂದರೆ ಬಿತ್ತಿದ ಬೀಜದಂತೆ ಹೆಚ್ಚಾಗಿ ಮರಳುತ್ತದೆಂದು ಕೊಡುವ ಹಣ, ಹಾಕಿ ಅಂದರು. ಹಾಕುವುದೋ ಬಿಡುವುದೋ ಎಂದು ನಮ್ಮವರು ಒಬ್ಬರ ಮುಖ ಒಬ್ಬರು ನೋಡಿದರು. ಖಾನಾವಳಿ ಅಕ್ಕ ಒಬ್ಬರು ಮೆಲ್ಲಗೆ, “ಹನನ್ಯ ಬಂದಾನ ನೋಡ್ರಿ” ಅಂದರು. ನಗು ತಡೆಯಲಾಗಲಿಲ್ಲ. ಆ ಬೋಧಕರಿಗೆ ಊಟ ಹಾಕಿ ಕಳಿಸಿದೆವು, ಕಾಣಿಕೆ ಹೋಗಲಿಲ್ಲ.

ಮುಂದೆ ಯೋಬನ ಗ್ರಂಥ, ತಪ್ಪು ಮಾಡದೆಯೂ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡವನ ಕಥೆ. ಇಲ್ಲಿ ಒಂದು ಕಟ್ಟಳೆ ಮಾಡಿಕೊಂಡೆವು: ಯಾರ ಕಷ್ಟಕ್ಕೂ ಕೂಟದಲ್ಲಿ ಯಾರೂ ಕಾರಣ ಹೇಳಕೂಡದು. ಪಾಪದ ಫಲ, ದೇವರ ಶಿಕ್ಷೆ, ಪರೀಕ್ಷೆ, ನಂಬಿಕೆ ಸಾಲದು, ಯಾವುದೂ ಬೇಡ. ಯೋಬನ ಮೂವರು ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು ಎಂದು ಎರಡನೇ ಅಧ್ಯಾಯದ ಕೊನೆಯಲ್ಲಿದೆ. ಅವರು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಹೇಳಿದ್ದೆಲ್ಲ ಕೇಳಲು ಚೆಂದ, ಅರ್ಧಕ್ಕರ್ಧ ನಮ್ಮ ಸಭೆಯ ಬೋಧನೆಗಳಲ್ಲೂ ಬರುವಂಥದ್ದೇ. ಗ್ರಂಥದ ಕೊನೆಗೆ ದೇವರು ಅವರ ಮೇಲೆ ಕೋಪಿಸಿಕೊಂಡು, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಅನ್ನುತ್ತಾನೆ. ಆದ್ದರಿಂದ ಯಾರಾದರೂ ತಮ್ಮ ಮನೆ ಕಥೆ ಹೇಳಿದ ಮೇಲೆ ನಾವು ಒಂದು ನಿಮಿಷ ಸುಮ್ಮನಿರುತ್ತಿದ್ದೆವು, ಆಮೇಲೆ ಒಬ್ಬರು ಎದ್ದು ಸತ್ಯವೇದದ ಕೀರ್ತನೆಗಳಲ್ಲಿ ಒಂದನ್ನು ಓದುತ್ತಿದ್ದರು. ಹೆಚ್ಚಾಗಿ 13ನೆಯದು: ಎಷ್ಟರವರೆಗೆ, ಕರ್ತನೇ? ಒಮ್ಮೊಮ್ಮೆ 88. ಅದು ಕತ್ತಲಲ್ಲೇ ಮುಗಿಯುವ ಕೀರ್ತನೆ, ಕೊನೆಗೆ ಒಂದು ಸ್ತೋತ್ರದ ಸಾಲೂ ಇಲ್ಲ. ಇಂಥದ್ದನ್ನು ಕೂಟದಲ್ಲಿ ಓದಬಹುದಾ ಅಂತ ಹಿರಿಯರೊಬ್ಬರು ಕೇಳಿದರು. ಸತ್ಯವೇದದಲ್ಲಿ ಇಟ್ಟವರು ಯಾರು ಮಾವ ಅಂದೆ. ಓದು ಬಾರದವರಿಗಾಗಿ ಒಬ್ಬರು ಸಾಲು ಹೇಳಿಕೊಡುವುದು, ಉಳಿದವರು ತಿರುಗಿ ಹೇಳುವುದು. ಹಾಗೆ ತಿರುಗಿ ಹೇಳುವಾಗ ಗಂಡಸರೂ ಅತ್ತರು. ಬರೀ ಧೈರ್ಯದ ಮಾತು ಕೇಳಿಸಿದ ದಿನಗಳಲ್ಲಿ ಅವರ ಕಣ್ಣಲ್ಲಿ ನೀರು ಕಂಡದ್ದಿಲ್ಲ.

ಯೋಬನ ಗ್ರಂಥದ 28ನೇ ಅಧ್ಯಾಯಕ್ಕೆ ಬಂದಾಗ ಕೂಟದ ದನಿಯೇ ಬದಲಾಯಿತು. ಅದು ಇಡಿಯಾಗಿ ಗಣಿಯ ಅಧ್ಯಾಯ. ಬೆಳ್ಳಿಗೆ ಗಣಿ ಉಂಟು, ಕಬ್ಬಿಣವನ್ನು ಮಣ್ಣಿನೊಳಗಿಂದ ತೆಗೆಯುತ್ತಾರೆ. ಜನವಸತಿಯಿಂದ ದೂರ ಸುರಂಗ ತೋಡಿ, ಊರವರ ಕಾಲಡಿ ಮರೆತುಹೋದವರಾಗಿ, ನೇತಾಡುತ್ತ ಕೆಲಸ ಮಾಡುತ್ತಾರೆ. ಹದ್ದಿನ ಕಣ್ಣಿಗೂ ಬೀಳದ ದಾರಿ, ಸಿಂಹ ತುಳಿಯದ ದಾರಿ. ಬೆಟ್ಟಗಳನ್ನು ಬುಡಸಮೇತ ಕೆಡವುತ್ತಾರೆ. ಡ್ರೈವರ್‌ಗಳು ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು. ಇಷ್ಟು ವರ್ಷ ದೇವರ ವಾಕ್ಯ ಕೇಳಿದರೂ ತಮ್ಮ ಕೆಲಸ ಅದರಲ್ಲಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕುರುಬ, ರೈತ, ಮೀನುಗಾರ ಇದ್ದಾರೆ. ಅದಿರು ತೆಗೆಯುವವನೂ ಇದ್ದಾನೆ.

ಆಮೇಲೆ ಆ ಪ್ರಶ್ನೆ: ಜ್ಞಾನ ಮಾತ್ರ ಎಲ್ಲಿ ಸಿಗುತ್ತದೆ? ಆಳವು ನನ್ನಲ್ಲಿಲ್ಲ ಅನ್ನುತ್ತದೆ, ಸಮುದ್ರವು ನನ್ನ ಹತ್ತಿರ ಇಲ್ಲ ಅನ್ನುತ್ತದೆ. ಚಿನ್ನ ಕೊಟ್ಟರೂ ಸಿಗದು. ಮರಣವೂ ಅದರ ಸುದ್ದಿಯಷ್ಟೇ ಕಿವಿಗೆ ಬಿದ್ದಿದೆ ಅನ್ನುತ್ತದೆ. ದಾರಿ ಬಲ್ಲವನು ದೇವರೊಬ್ಬನೇ. ಕರ್ತನ ಭಯವೇ ಜ್ಞಾನ, ಕೆಟ್ಟದ್ದನ್ನು ಬಿಡುವುದೇ ವಿವೇಕ ಎಂದು ಮನುಷ್ಯನಿಗೆ ಹೇಳಿದನು. ಅಷ್ಟೇ. ಯೋಬನ ಮಕ್ಕಳು ಯಾಕೆ ಸತ್ತರು ಎಂಬುದಕ್ಕೆ ಇಲ್ಲೂ ಉತ್ತರವಿಲ್ಲ, ಗ್ರಂಥ ಮುಗಿದರೂ ಇಲ್ಲ.

ಬೆಟ್ಟ ಕೆಡವುವ ಸಾಲು ಓದಿದಾಗ, ಹಳ್ಳಿಯ ಮನೆಯೊಂದಕ್ಕೆ ಪಾತ್ರೆ ತೊಳೆಯಲು ಹೋಗುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತಿದರು. “ಆ ಬೆಟ್ಟದ ಕೆಂಪು ರಾಡಿ ಮಳಿಗಾಲದಾಗ ನಮ್ಮ ಬಾಯಾರ ಗದ್ದ್ಯಾಗ ಬಂದು ನಿಂತಿತ್ತು. ಬಾವ್ಯಾಗಿನ ನೀರೂ ಹೋತು. ಅವ್ರೂ ದೇವರ ಮುಂದ ಅತ್ತಿರಬೇಕಲ್ಲೋ?” ಯಾರೂ ಮಾತಾಡಲಿಲ್ಲ. ಗಣಿ ಬೇಗ ತೆರೆಯಲಿ ಎಂದು ನಾವು, ಎಂದೂ ತೆರೆಯದಿರಲಿ ಎಂದು ಪಕ್ಕದ ಹಳ್ಳಿಯವರು. ಇಬ್ಬರದೂ ಅದೇ ದೇವರು. ಒಬ್ಬ ಡ್ರೈವರ್ ಸಿಟ್ಟಾಗಿ ಎದ್ದೇ ಹೋದ. ಎರಡು ವಾರ ಬಿಟ್ಟು ಬಂದ. ಅಲ್ಲಿಂದಾಚೆ ನಾವು ‘ಗಣಿ ತೆರೆಯಲಿ’ ಎಂಬ ಪ್ರಾರ್ಥನೆಯನ್ನು ಕೂಟದ ಪರವಾಗಿ ಮಾಡುವುದು ಬಿಟ್ಟೆವು. ಬೇಕಾದವರು ಮನೆಯಲ್ಲಿ ಮಾಡಿಕೊಳ್ಳಲಿ. ಇರುವ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥಿಸಿ ಎಂದು ಯೆರೆಮೀಯ ಬರೆದದ್ದರಲ್ಲಿ ಆ ಗದ್ದೆಯೂ ಸೇರುತ್ತದೆ ಎಂದು ನನ್ನ ಲೆಕ್ಕ. ಎಲ್ಲರೂ ಒಪ್ಪಿದರೆಂದು ಹೇಳಲಾರೆ.

ಹಾಗಾದರೆ ಏನನ್ನು ಬೇಡಿಕೊಳ್ಳುವುದು? ಇಲ್ಲಿ ದಾರಿ ಮಾಡಿಕೊಟ್ಟದ್ದು ಕಂತು ಕಟ್ಟಲಾಗದೆ ಒದ್ದಾಡುತ್ತಿದ್ದ ಒಬ್ಬ ಗಾಡಿ ಮಾಲೀಕ. “ಬ್ರದರ್, ದೇವರು ದಾರಿ ತೋರಸ್ತಾನ ಅಂತ ಎಲ್ಲಾರೂ ಹೇಳ್ತೀರಿ. ಗಾಡಿ ಮಾರ್ಲೋ, ಬ್ಯಾಂಕಿನವರು ಒಯ್ಯಲಿ ಅಂತ ಬಿಡ್ಲೋ? ಅದನ್ನ ಹೇಳ್ರಿ.” ಸತ್ಯವೇದದಲ್ಲಿನ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯ ನೆನಪಾಯಿತು. ಜ್ಞಾನ ಕಡಿಮೆ ಇದ್ದವನು ದೇವರನ್ನು ಕೇಳಲಿ, ದೇವರು ಹಂಗಿಸದೆ ಧಾರಾಳವಾಗಿ ಕೊಡುತ್ತಾನೆ. ಇದು ಬರುವುದು ಕಷ್ಟಗಳ ಮಾತಿನ ನಡುವೆಯೇ. ಹಂಗಿಸದೆ ಎಂಬುದು ನನಗೆ ಬಹಳ ಹಿಡಿಸಿತು. ಸಾಲದವನನ್ನು ಹಂಗಿಸದೆ ಮಾತಾಡಿಸುವವರು ಆ ದಿನಗಳಲ್ಲಿ ಯಾರಿದ್ದರು?

ಅಂದಿನಿಂದ ಪ್ರಾರ್ಥನೆ ವಿನಂತಿ ಕೇಳುವ ರೀತಿ ಬದಲಿಸಿದೆವು. ‘ನನ್ನ ಕಷ್ಟಕ್ಕಾಗಿ ಪ್ರಾರ್ಥಿಸಿ’ ಅಂದರೆ ಸಾಲದು. ಈ ವಾರ ನೀವು ತೀರ್ಮಾನಿಸಬೇಕಾದ ಒಂದು ವಿಷಯ ಹೇಳಿ. ಗಾಡಿ ಮಾರಬೇಕೋ, ಮಗಳನ್ನು ಊರಿನ ಶಾಲೆಗೆ ಸೇರಿಸಬೇಕೋ, ಬಡ್ಡಿಯವನ ಹತ್ತಿರ ಮತ್ತೆ ಹೋಗಬೇಕೋ, ಗಂಡ ಕುಡಿಯಲು ಶುರು ಮಾಡಿದ್ದನ್ನು ಮಾವನಿಗೆ ತಿಳಿಸಬೇಕೋ. ಆ ಒಂದಕ್ಕೆ ಜ್ಞಾನ ಕೇಳುತ್ತಿದ್ದೆವು. ಪ್ರಾರ್ಥನೆ ಮುಗಿದ ಮೇಲೆ ಆ ವಿಷಯ ಬಲ್ಲವರು ಕೂಟದಲ್ಲಿದ್ದರೆ ಚಹಾ ಕುಡಿಯುತ್ತ ಜೊತೆಗೆ ಕೂರಬೇಕು. ಸಾಲದ ಕಾಗದ ಓದಲು ಬರುವ ಹುಡುಗ ಒಬ್ಬನಿದ್ದ, ಅವನಿಗೆ ಪುರಸೊತ್ತೇ ಸಿಗುತ್ತಿರಲಿಲ್ಲ. ಗಣಿ ಅವಲಂಬಿತರ ಸಾಲಕ್ಕೆ 2014ರಲ್ಲಿ ಸರ್ಕಾರದ ಪರಿಹಾರ ಯೋಜನೆ ಬಂದಾಗ, ಅರ್ಜಿ ತುಂಬಿದ್ದು ನಮ್ಮ ಕೂಟದ ಚಾಪೆಯ ಮೇಲೆ. ಆ ಮಾಲೀಕ ಗಾಡಿ ಮಾರಿದ, ನಷ್ಟಕ್ಕೇ ಮಾರಿದ. ಈಗ ಮಡಗಾಂವ್‌ನಲ್ಲಿ ತರಕಾರಿ ಟೆಂಪೊ ಓಡಿಸುತ್ತಾನೆ. ದೇವರೇ ಹೇಳಿದನೋ ಚಾಪೆಯ ಮೇಲಿನ ಲೆಕ್ಕ ಹೇಳಿತೋ ಎಂದು ಅವನನ್ನು ಯಾರೋ ಕೆಣಕಿದರು. ಎರಡೂ ಒಂದೇ ದಿನ ಹೇಳಿದವು ಅಂದ.

ಅಕ್ಕಂದಿರು ತಾವಾಗಿಯೇ ಒಂದು ವ್ಯವಸ್ಥೆ ಮಾಡಿದ್ದರು: ಅನ್ನಕ್ಕೆ ಇಡುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಶುಕ್ರವಾರದ ಕೂಟಕ್ಕೆ ತರುವುದು. ಯಾರ ಮನೆಗೆ ಹೋಯಿತೆಂದು ಗಂಡಸರಿಗೆ ಹೇಳುತ್ತಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಕೂಟ ಫೋನಿನಲ್ಲಿ ನಡೆಯಿತು, ಅಕ್ಕಿ ಮಾತ್ರ ಕೈಯಿಂದ ಕೈಗೇ ಹೋಯಿತು.

2018ರಲ್ಲಿ ಗಣಿ ಎರಡನೇ ಸಲ ನಿಂತಾಗ ಜನ ಹೆಚ್ಚು ಸೋತಿದ್ದರು. ಮೊದಲ ಸಲದ್ದು ಆಘಾತ, ಎರಡನೆಯದು ಬೇಸರ. ಬೇಸರಕ್ಕೆ ಓದಿ ಹೇಳುವುದು ಕಷ್ಟ. ಆಗ ಯೆರೆಮೀಯ 32 ತೆಗೆದೆವು. ಯೆರೂಸಲೇಮಿಗೆ ಶತ್ರು ಮುತ್ತಿಗೆ ಹಾಕಿದ್ದಾನೆ, ಯೆರೆಮೀಯ ಸೆರೆಯಲ್ಲಿದ್ದಾನೆ, ಊರು ಬೀಳುತ್ತದೆಂದು ಹೇಳುತ್ತಿರುವವನೂ ಅವನೇ. ಅಂಥವನು ಅನಾತೋತಿನಲ್ಲಿ ಚಿಕ್ಕಪ್ಪನ ಮಗನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡುಕೊಳ್ಳುತ್ತಾನೆ. ಸಾಕ್ಷಿಗಳ ಸಹಿ, ಮುದ್ರೆ ಹಾಕಿದ ಪತ್ರ, ಹಾಕದ ಪತ್ರ, ಎರಡನ್ನೂ ಬಹುಕಾಲ ಬಾಳಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ಕಾಲ ಬರುತ್ತದೆ ಎನ್ನುವುದಕ್ಕೆ. ನಿರೀಕ್ಷೆ ಎಂದರೆ ಇಷ್ಟು ಕಾಗದಪತ್ರದ ವ್ಯವಹಾರ ಎಂದು ನಮ್ಮವರು ಎಣಿಸಿರಲಿಲ್ಲ. ಬೇಸರ ಹೋಯಿತೆಂದಲ್ಲ. ಆದರೆ ಖಾನಾವಳಿ ಅಕ್ಕ ಮಗಳನ್ನು ನರ್ಸಿಂಗಿಗೆ ಸೇರಿಸಿದ್ದು ಆ ತಿಂಗಳೇ, ಖಾನಾವಳಿಯಲ್ಲಿ ಊಟಕ್ಕೆ ಬರುವವರೇ ಇಲ್ಲದಾಗ. ಫೀ ರಸೀದಿ ತಂದು ತೋರಿಸಿ, “ಇದು ನನ್ನ ಗಡಿಗಿ” ಅಂದರು.

2022ರ ಕೊನೆಗೆ ಗಣಿಗಳ ಹರಾಜು ಶುರುವಾಗಿ, ಈಗ ಅಲ್ಲಲ್ಲಿ ಕೆಲಸ ಮತ್ತೆ ಚಾಲೂ ಆಗಿದೆ. ಸೆಕೆಂಡ್ ಹ್ಯಾಂಡ್ ಟಿಪ್ಪರ್‌ಗೆ ಸಾಲ ತೆಗೆಯಲೋ ಬೇಡವೋ ಎಂದು ಕಳೆದ ತಿಂಗಳು ಇಬ್ಬರು ಕೇಳಿದರು. ಯಾಕೋಬ ಓದಿದೆವು, ಪ್ರಾರ್ಥಿಸಿದೆವು, ಕಾಗದ ಓದುವ ಹುಡುಗ ಬಡ್ಡಿ ಲೆಕ್ಕ ಹಾಕಿಕೊಟ್ಟ. ಒಬ್ಬ ತೆಗೆದ, ಇನ್ನೊಬ್ಬ ಬೇಡವೆಂದ. ಇಬ್ಬರೂ ಶುಕ್ರವಾರ ಬರುತ್ತಾರೆ, ಯಾರದ್ದು ಸರಿ ಎಂದು ಚಹಾ ಕುಡಿಯುತ್ತ ಜಗಳವೂ ಆಡುತ್ತಾರೆ.