ಕ್ಯಾಲೊರಿ ಲೆಕ್ಕ ಮೂರನೇ ವಾರ ದಾಟಬೇಕಾದರೆ: ನನ್ನ ಅನುಭವ

ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಕರಗುವ ಕೊಬ್ಬು ಸುಮಾರು 65 ಗ್ರಾಂ. ಮನೆಯಲ್ಲಿರುವ ತೂಕದ ಯಂತ್ರ ತೋರಿಸುವ ಅತಿ ಚಿಕ್ಕ ವ್ಯತ್ಯಾಸವೇ ಸಾಮಾನ್ಯವಾಗಿ 100 ಗ್ರಾಂ. ಸಾಲದ್ದಕ್ಕೆ ಕುಡಿದ ನೀರು, ತಿಂದ ಉಪ್ಪು, ಹೊಟ್ಟೆಯಲ್ಲಿ ಉಳಿದ ಊಟ ಎಲ್ಲ ಸೇರಿ ತೂಕ ಒಂದೇ ದಿನದಲ್ಲಿ ಒಂದು ಕಿಲೋ ಸಲೀಸಾಗಿ ಏರಿಳಿಯುತ್ತದೆ. ನಿನ್ನೆ ಪಟ್ಟ ಕಷ್ಟ ಇವತ್ತು ಬೆಳಗ್ಗೆ ಕಾಣುವುದೇ ಇಲ್ಲ. ಈ ಗದ್ದಲದ ಮಧ್ಯೆ ಒಂದು ಕಿಲೋ ಕೊಬ್ಬು ಇಳಿದದ್ದು ಕಣ್ಣಿಗೆ ಬೀಳಬೇಕಾದರೆ ಎರಡು ವಾರ ಬೇಕು. ಇದು ಗೊತ್ತಿಲ್ಲದವರು ಮೂರನೇ ವಾರ ಕೈಚೆಲ್ಲುತ್ತಾರೆ, ಆಮೇಲೆ ‘ನನ್ನ ಮನಸ್ಸೇ ಗಟ್ಟಿಯಿಲ್ಲ’ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ನಾನು ಕಂಡಂತೆ ಉತ್ಸಾಹ ತಾನಾಗಿ ಬತ್ತುವುದು ಕಡಿಮೆ. ಅಳತೆ ತಪ್ಪಿದಾಗ ಅಥವಾ ಅಳತೆಯನ್ನು ತಪ್ಪಾಗಿ ಓದಿದಾಗ ಬತ್ತುತ್ತದೆ. ಹಾಗಾಗಿ ಮನಸ್ಸಿಗಿಂತ ಹೆಚ್ಚಾಗಿ ತಕ್ಕಡಿಯ ಬಗ್ಗೆ ಬರೆಯುತ್ತಿದ್ದೇನೆ.

ಮೊದಲ ಎರಡು ವಾರ ಊಟ ಕಡಿಮೆ ಮಾಡಲೇಬಾರದು. ಎಂದಿನಂತೆ ತಿಂದು ಎಲ್ಲವನ್ನೂ ಬರೆದಿಡಬೇಕು, ಅಷ್ಟೇ. ಹಸಿವು ಮತ್ತು ಹೊಸ ಅಭ್ಯಾಸ ಎರಡನ್ನೂ ಒಟ್ಟಿಗೆ ಹೊತ್ತರೆ ಎರಡೂ ಬೀಳುತ್ತವೆ. ಬರೆಯುವುದು ಕೈಗೆ ರೂಢಿಯಾದ ಮೇಲೆ ಗುರಿ ಹಾಕುವುದು. ಶುರುವಿನ ಅಂದಾಜಿಗೆ ನಾನು ಬಳಸುವುದು 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ: ತೂಕ ಕಿಲೋದಲ್ಲಿ ಇಂಟು 10, ಎತ್ತರ ಸೆಂಟಿಮೀಟರಿನಲ್ಲಿ ಇಂಟು 6.25, ಎರಡನ್ನೂ ಕೂಡಿ ವಯಸ್ಸಿನ ಐದರಷ್ಟನ್ನು ಕಳೆಯಬೇಕು. ಗಂಡಸರಾದರೆ ಅದಕ್ಕೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ. 80 ಕಿಲೋ, 170 ಸೆಂಟಿಮೀಟರ್, 35 ವರ್ಷದ ಗಂಡಸಿಗೆ ಸುಮಾರು 1,690 ಬರುತ್ತದೆ. ಇದು ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದದ್ದು. ಕೂತು ಕೆಲಸ ಮಾಡಿ ವಾರಕ್ಕೆ ಮೂರು ದಿನ ಹಗುರ ವ್ಯಾಯಾಮ ಮಾಡುವವರು 1.375ರಿಂದ ಗುಣಿಸಿದರೆ 2,330ರ ಹತ್ತಿರ. ಅದರಿಂದ 400–500 ಕಡಿಮೆ ಮಾಡಿದರೆ ದಿನದ ಗುರಿ 1,900ರ ಆಸುಪಾಸು.

ಒಂದು ಸಾವಿರ ಕಡಿಮೆ ಮಾಡಿದರೆ ಬೇಗ ಮುಗಿಯುತ್ತದಲ್ಲ ಎನ್ನುವವರು ಬಹಳ. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಗಮನಿಸಿದ್ದರು. ಆ ಹುಡುಗರು ಹಗಲಿರುಳು ಊಟದ್ದೇ ಧ್ಯಾನ ಮಾಡಿದರು, ಅಡುಗೆ ಪುಸ್ತಕ ಓದಿದರು, ಸಿಡಿಮಿಡಿಗೊಂಡರು, ಮಂಕಾದರು. ಅವರೆಲ್ಲ ಸ್ವಇಚ್ಛೆಯಿಂದ ಬಂದ ಗಟ್ಟಿ ಮನಸ್ಸಿನವರೇ. ಹೊಟ್ಟೆ ಅಷ್ಟು ಖಾಲಿಯಾದಾಗ ಛಲ ಎಷ್ಟಿದ್ದರೂ ಕೆಲಸಕ್ಕೆ ಬರುವುದಿಲ್ಲ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಬಸುರಿ-ಬಾಣಂತಿಯರು, ಹಿಂದೆ ಊಟಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆ ಅನುಭವಿಸಿದವರು ವೈದ್ಯರನ್ನು ಕೇಳದೆ ಈ ಲೆಕ್ಕಕ್ಕೆ ಇಳಿಯಬಾರದು.

ಇನ್ನು ತೂಗುವ ವಿಷಯ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ ಬೇಕೇ ಬೇಕು. ಲೋಟ, ಚಮಚ, ಹಿಡಿ ಇವು ಅಳತೆಗಳಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟಿನಲ್ಲಿ ತಲಾ 4. ಹಾಗಾಗಿ ಸೌತೆಕಾಯಿ ಐವತ್ತು ಗ್ರಾಂ ಹೆಚ್ಚಾದರೂ ಏನೂ ಆಗುವುದಿಲ್ಲ, ಎಣ್ಣೆ ಐದು ಗ್ರಾಂ ಹೆಚ್ಚಾದರೆ 45 ಕ್ಯಾಲೊರಿ ಹೋಯಿತು. ಒಂದು ಟೇಬಲ್ ಚಮಚ ಎಣ್ಣೆ ಎಂದರೆ ಸುಮಾರು 120. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಕೈ ಮೂರು ಚಮಚ ಹಾಕಿ ಒಂದೇ ಎಂದು ಬರೆಯುತ್ತದೆ. ನನ್ನ ಕ್ರಮ ಇದು: ಎಣ್ಣೆ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡುವುದು, ಬೇಕಾದಷ್ಟು ಬಗ್ಗಿಸಿ ಮತ್ತೆ ಅಲ್ಲೇ ಇಡುವುದು. ಮೈನಸ್ 12 ಎಂದು ತೋರಿಸಿದರೆ 12 ಗ್ರಾಂ ಹೋಗಿದೆ. ಬೆಣ್ಣೆ, ಜೇನು, ಕಡಲೆಬೀಜದ ಪೇಸ್ಟ್ ಎಲ್ಲಕ್ಕೂ ಇದೇ ಉಪಾಯ; ಚಮಚ ನೆಕ್ಕಿದ್ದೂ ಲೆಕ್ಕಕ್ಕೆ ಸಿಗುತ್ತದೆ.

ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದನ್ನು ಹೇಗೆ ಲೆಕ್ಕ ಹಾಕುವುದು ಎಂಬಲ್ಲಿ ಹೆಚ್ಚಿನವರು ಸೋಲುತ್ತಾರೆ. ಪಾತ್ರೆಗಳ ಖಾಲಿ ತೂಕವನ್ನು ಒಮ್ಮೆ ಬರೆದಿಟ್ಟುಕೊಳ್ಳಿ, 640 ಗ್ರಾಂ ಎಂದುಕೊಳ್ಳೋಣ. ಹಾಕುವ ಪದಾರ್ಥಗಳನ್ನು ಹಸಿಯಾಗಿರುವಾಗಲೇ ತೂಗಿ ಕೂಡಿ, ಒಟ್ಟು 1,680 ಕ್ಯಾಲೊರಿ. ಬೆಂದ ಮೇಲೆ ಪಾತ್ರೆಸಮೇತ ತೂಗಿದರೆ 2,040 ಗ್ರಾಂ. ಪಾತ್ರೆ ಕಳೆದರೆ ಅಡುಗೆ 1,400 ಗ್ರಾಂ, ಗ್ರಾಂಗೆ 1.2 ಕ್ಯಾಲೊರಿ. ನಿಮ್ಮ ತಟ್ಟೆಗೆ ಬಿದ್ದದ್ದು 250 ಗ್ರಾಂ ಆದರೆ 300 ಎಂದು ಬರೆಯಿರಿ. ಎರಡು ನಿಮಿಷದ ಕೆಲಸ. ನೀರು ಹೆಚ್ಚಾಗಿದೆಯೇ ಇಂಗಿದೆಯೇ ಎಂಬ ಗೊಂದಲವೂ ಇದರಲ್ಲೇ ಮುಗಿಯುತ್ತದೆ.

ಆ್ಯಪ್‌ಗಳಲ್ಲಿರುವ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಯಾರೋ ಬಳಕೆದಾರರು ತುಂಬಿಸಿದ ಅಂಕಿಗಳು ಅದರಲ್ಲಿ ಬೇಕಾದಷ್ಟಿರುತ್ತವೆ. ಅತಿ ಸಾಮಾನ್ಯ ತಪ್ಪು ಹಸಿ-ಬೆಂದದ್ದರ ಅದಲುಬದಲು. ನೂರು ಗ್ರಾಂ ಅಕ್ಕಿಯಲ್ಲಿ 360ರಷ್ಟು ಕ್ಯಾಲೊರಿ, ನೂರು ಗ್ರಾಂ ಅನ್ನದಲ್ಲಿ 130ರಷ್ಟು. ತಪ್ಪು ಸಾಲನ್ನು ಒತ್ತಿದರೆ ಲೆಕ್ಕ ಹೆಚ್ಚುಕಡಿಮೆ ಮೂರು ಪಟ್ಟು ಕೆಡುತ್ತದೆ. ಅನುಮಾನ ಬಂದರೆ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿ ನೋಡಿ. ಅಲ್ಲಿ ಬರೆದಿರುವ ಮೊತ್ತಕ್ಕೆ ಹತ್ತಿರ ಬರದಿದ್ದರೆ ಆ ಸಾಲನ್ನು ಬಿಟ್ಟುಬಿಡಿ.

‘ನಾನು 1,200ಕ್ಕಿಂತ ಹೆಚ್ಚು ತಿನ್ನುತ್ತಿಲ್ಲ, ಆದರೂ ಇಳಿಯುತ್ತಿಲ್ಲ’ ಎಂಬ ದೂರು ಹಳೆಯದು. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದೇ ಮಾತು ಹೇಳುತ್ತಿದ್ದವರನ್ನು ಅಳೆದು ನೋಡಿದಾಗ, ಅವರು ತಾವು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ, ಮಾಡಿದ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚಾಗಿಯೂ ಹೇಳಿದ್ದು ಕಂಡಿತು. ಅವರ ಚಯಾಪಚಯ ಸರಿಯಾಗಿಯೇ ಇತ್ತು. ಅಳೆಯದೆ ನೆನಪಿನಿಂದ ಲೆಕ್ಕ ಹೇಳಿದರೆ ಯಾರ ಲೆಕ್ಕವಾದರೂ ಹೀಗೇ ತಪ್ಪುತ್ತದೆ, ಸುಳ್ಳು ಹೇಳುವ ಉದ್ದೇಶವೇ ಬೇಕಾಗಿಲ್ಲ. ನಾನು ಬರೆಯುವುದು ತಿನ್ನುವ ಮೊದಲು. ತಿಂದ ಮೇಲೆ ಬರೆದರೆ ಅದು ತಪ್ಪೊಪ್ಪಿಗೆ; ಮೊದಲೇ ಬರೆದರೆ ಇನ್ನೂ ಬದಲಿಸಲು ಅವಕಾಶವಿರುತ್ತದೆ.

ತೂಕ ನೋಡುವುದು ದಿನಾ ಬೆಳಗ್ಗೆ, ಶೌಚ ಮುಗಿಸಿ, ಏನೂ ಕುಡಿಯುವ ಮೊದಲು, ಗಟ್ಟಿ ನೆಲದ ಮೇಲೆ, ಯಂತ್ರವನ್ನು ಅದೇ ಜಾಗದಲ್ಲಿಟ್ಟು. ಆ ಅಂಕಿಯನ್ನು ಬರೆದು ಮರೆತುಬಿಡಬೇಕು. ಏಳು ದಿನದ್ದನ್ನು ಕೂಡಿ ಏಳರಿಂದ ಭಾಗಿಸಿದ ಸರಾಸರಿಗೆ ಮಾತ್ರ ಬೆಲೆ. ಹೋದ ವಾರದ ಸರಾಸರಿಗೂ ಈ ವಾರದ್ದಕ್ಕೂ ಹೋಲಿಕೆ, ಸೋಮವಾರಕ್ಕೂ ಮಂಗಳವಾರಕ್ಕೂ ಅಲ್ಲ. ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿದಿಡುವುದರಿಂದ, ಹೆಂಗಸರು ಕಳೆದ ತಿಂಗಳ ಅದೇ ವಾರದ ಜೊತೆ ಹೋಲಿಸಿದರೆ ನಿಜ ಗೊತ್ತಾಗುತ್ತದೆ.

ಊಟ ಕಡಿಮೆ ಮಾಡಿದ ಮೊದಲ ವಾರ ಎರಡು ಕಿಲೋ ಇಳಿದರೆ ಹಿಗ್ಗಬೇಡಿ. ದೇಹ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ರೂಪವಾದ ಗ್ಲೈಕೋಜನ್ ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ. ಊಟ ಕಡಿಮೆಯಾದಾಗ ಮೊದಲು ಹೋಗುವುದು ಅದೇ. ಈ ಉಚಿತ ಎರಡು ಕಿಲೋವನ್ನು ವಾರದ ಲೆಕ್ಕ ಎಂದುಕೊಂಡವರಿಗೆ ಮೂರನೇ ವಾರದ 400 ಗ್ರಾಂ ಸೋಲಿನಂತೆ ಕಾಣುತ್ತದೆ. ಆದರೆ ಆ 400 ಗ್ರಾಂ ನಿಜವಾದ ಕೊಬ್ಬು.

ಮೊದಲ ವಾರವನ್ನು ಬಿಟ್ಟು ನಾಲ್ಕು ವಾರ ಕಳೆದ ಮೇಲೆ ಸೂತ್ರವನ್ನು ಎಸೆಯಬಹುದು, ಏಕೆಂದರೆ ಆಗ ನಿಮ್ಮ ದೇಹದ್ದೇ ಅಂಕಿ ಕೈಯಲ್ಲಿರುತ್ತದೆ. ದಿನದ ಸರಾಸರಿ 1,900 ತಿಂದು 28 ದಿನಕ್ಕೆ ಸರಾಸರಿ ತೂಕ 1.4 ಕಿಲೋ ಇಳಿದಿದ್ದರೆ, ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿಯಂತೆ 10,780 ಕ್ಯಾಲೊರಿ. ದಿನಕ್ಕೆ 385. ಹಾಗಾದರೆ ನಿಮ್ಮ ನಿಜವಾದ ಖರ್ಚು 2,285. ನೀವು ಬರೆಯುವುದರಲ್ಲಿ ದಿನಾ ಒಂದೇ ಬಗೆಯ ತಪ್ಪಿದ್ದರೂ ಅದು ಈ ಅಂಕಿಯೊಳಗೇ ಸೇರಿಹೋಗಿರುತ್ತದೆ. ನನಗೆ ಇಡೀ ಪದ್ಧತಿಯಲ್ಲಿ ಅತಿ ಹೆಚ್ಚು ಧೈರ್ಯ ಕೊಡುವುದು ಈ ಒಂದು ಭಾಗಾಕಾರ.

ವ್ಯಾಯಾಮವನ್ನು ಕ್ಯಾಲೊರಿ ಸುಡುವ ಯಂತ್ರ ಎಂದು ನೋಡಿದವರು ಬೇಗ ಬೇಸತ್ತುಹೋಗುತ್ತಾರೆ. ಸಮತಟ್ಟು ದಾರಿಯಲ್ಲಿ ನಡೆದರೆ ಸುಮ್ಮನೆ ಕೂತಿದ್ದಕ್ಕಿಂತ ಹೆಚ್ಚಾಗಿ ಖರ್ಚಾಗುವುದು ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಅರ್ಧ ಕ್ಯಾಲೊರಿಯಷ್ಟೇ. 75 ಕಿಲೋದವರು ಐದು ಕಿಲೋಮೀಟರ್ ನಡೆದರೆ ಸುಮಾರು 190. ಎರಡು ಟೇಬಲ್ ಚಮಚ ಎಣ್ಣೆಗೂ ಸಾಲದು. ಕೈಗಡಿಯಾರ 350 ಎಂದರೆ ನಂಬಿ ಅಷ್ಟನ್ನೂ ತಿಂದರೆ ದಿನದ ಉಳಿತಾಯದ ದೊಡ್ಡ ಪಾಲು ಅಲ್ಲೇ ಮುಗಿಯಿತು. ನಾನು ವ್ಯಾಯಾಮದ ಕ್ಯಾಲೊರಿಯನ್ನು ಬರೆಯುವುದೇ ಇಲ್ಲ, ಅದು ಆಗಲೇ ಆ 1.375ರಲ್ಲಿ ಸೇರಿದೆ.

ಹಾಗಿದ್ದರೆ ವ್ಯಾಯಾಮ ಏಕೆ? ಇಳಿಯುವ ತೂಕದಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರಲಿ ಎಂದು. ವಾರಕ್ಕೆ ಎರಡು ಮೂರು ದಿನ ಭಾರದ ವ್ಯಾಯಾಮ: ಕೂತೇಳುವುದು, ತಳ್ಳುವುದು, ಎಳೆಯುವುದು, ನೆಲದಿಂದ ಎತ್ತುವುದು. ಪ್ರತಿಯೊಂದಕ್ಕೂ ಮೂರು ಸೆಟ್, ಸೆಟ್ಟಿಗೆ 8ರಿಂದ 12 ಸಲ. ಮೂರೂ ಸೆಟ್ಟಿನಲ್ಲಿ 12 ಮುಟ್ಟಿದ ದಿನ ಮುಂದಿನ ಸಲಕ್ಕೆ ಭಾರ ಒಂದು ಹಂತ ಹೆಚ್ಚು. ಜೊತೆಗೆ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ, ಮತ್ತು ದೇಹದ ತೂಕದ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್. ಹಸಿವು ತಡೆಯಲೂ ಪ್ರೋಟೀನೇ ಒಳ್ಳೆಯದು. ಭಾರದ ಅಂಕಿಗಳನ್ನು ಅದೇ ಪುಸ್ತಕದಲ್ಲಿ ಬರೆಯುವುದರಿಂದ ಇನ್ನೊಂದು ಲಾಭವಿದೆ. ತೂಕ ಅಲುಗದ ವಾರದಲ್ಲೂ 10 ಸಲ 11 ಆಗಿರುತ್ತದೆ. ಹದಿನೈದು ದಿನಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಉಸಿರು ಬಿಟ್ಟು ಟೇಪ್ ಹಿಡಿದ ಅಳತೆಯೂ ಅಲ್ಲೇ.

ಒಂದು ಎಚ್ಚರಿಕೆ. ಹೊಸದಾಗಿ ಭಾರ ಎತ್ತಿದಾಗ ನೊಂದ ಸ್ನಾಯುಗಳು ನೀರು ಹಿಡಿಯುತ್ತವೆ, ತೂಕ ಅರ್ಧದಿಂದ ಒಂದು ಕಿಲೋ ಏರಬಹುದು. ಊಟದ ಕಡಿತ ಮತ್ತು ವ್ಯಾಯಾಮ ಒಂದೇ ವಾರ ಶುರುವಾದರೆ ಈ ನೀರು ಕೊಬ್ಬಿನ ಇಳಿತವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಎರಡರ ನಡುವೆ ಮೂರು ವಾರ ಅಂತರವಿರಲಿ.

ಮದುವೆಯೋ ಹಬ್ಬವೋ ಬಂದು 2,800 ಆಯಿತು ಎನ್ನಿ. ಗುರಿಗಿಂತ 900 ಹೆಚ್ಚು. ಅಷ್ಟೂ ಕೊಬ್ಬಾದರೂ 120 ಗ್ರಾಂ ಮೀರದು. ಮರುದಿನ ತಕ್ಕಡಿ ಒಂದೂವರೆ ಕಿಲೋ ಹೆಚ್ಚು ತೋರಿಸಿದರೆ ಮಿಕ್ಕಿದ್ದೆಲ್ಲ ಉಪ್ಪು, ನೀರು, ಹೊಟ್ಟೆಯಲ್ಲಿರುವ ಊಟ. ನಾಲ್ಕು ದಿನದಲ್ಲಿ ಇಳಿಯುತ್ತದೆ. ಮರುದಿನದ ಉಪವಾಸ ಕೆಟ್ಟ ಉಪಾಯ, ಸಂಜೆಗೆ ಮತ್ತೆ ಬಾಯಿ ಹರಿಯುತ್ತದೆ. ವಾರದ ಮೊತ್ತ 13,300 ಎಂದು ಇಟ್ಟುಕೊಂಡು ಉಳಿದ ಆರು ದಿನ ತಲಾ 150 ಕಡಿಮೆ ಮಾಡಿದರೆ ಆಯಿತು. ‘ಹೇಗೂ ಕೆಟ್ಟಿತು, ಇವತ್ತು ತಿಂದುಬಿಡೋಣ’ ಎಂಬ ಯೋಚನೆಯನ್ನು ಜೇನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ಎಂಬ ಮನಶ್ಶಾಸ್ತ್ರಜ್ಞರು ಪಥ್ಯ ಮಾಡುವವರಲ್ಲಿ ಅಧ್ಯಯನ ಮಾಡಿದ್ದಾರೆ. ಒಂದು ತುತ್ತು ಮೀರಿದ್ದಕ್ಕಿಂತ ಆ ಯೋಚನೆಯಿಂದಲೇ ಹೆಚ್ಚು ನಷ್ಟ. ಅಂಥ ದಿನವೂ ಅಂದಾಜಿನ ಒಂದು ಅಂಕಿ ಬರೆಯಿರಿ, ಹತ್ತು ನಿಮಿಷವಾದರೂ ನಡೆಯಿರಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೈಗೂಡಲು ಸರಾಸರಿ 66 ದಿನ ಹಿಡಿಯಿತು, ಒಬ್ಬೊಬ್ಬರಿಗೆ 18ರಿಂದ 254ರವರೆಗೆ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ.

ಎರಡು ಮೂರು ತಿಂಗಳಾದ ಮೇಲೆ ಇಳಿತ ನಿಧಾನವಾಗುತ್ತದೆ. ಮೇಲೆ ಹೇಳಿದ 80 ಕಿಲೋದವರು 70ಕ್ಕೆ ಬಂದರೆ ಸೂತ್ರದ ಪ್ರಕಾರವೇ ದಿನದ ಖರ್ಚು ಸುಮಾರು 140 ಕಡಿಮೆ. ಜೊತೆಗೆ ಕಡಿಮೆ ತಿನ್ನುವ ದೇಹ ಗೊತ್ತಿಲ್ಲದಂತೆ ಓಡಾಟವನ್ನೂ ಕಡಿಮೆ ಮಾಡುತ್ತದೆ. ನಾನು ಮೊದಲು ಒಂದು ವಾರ ಎಣ್ಣೆಯನ್ನೂ ಬಾಯಾಡಿಸುವುದನ್ನೂ ಮತ್ತೆ ಬಿಗಿಯಾಗಿ ತೂಗಿ ನೋಡುತ್ತೇನೆ. ಬಹಳ ಸಲ ಅಲ್ಲೇ ಸೋರಿಕೆ ಸಿಗುತ್ತದೆ. ಆಮೇಲೆ ಹೆಜ್ಜೆಗಳ ಎಣಿಕೆ. ಕೊನೆಗಷ್ಟೇ 100 ಕ್ಯಾಲೊರಿ ಕಡಿತ. ಹತ್ತು ಹನ್ನೆರಡು ವಾರಕ್ಕೊಮ್ಮೆ ಎರಡು ವಾರ ಖರ್ಚಿಗೆ ಸಮನಾಗಿ ತಿನ್ನುವುದೂ ಒಳ್ಳೆಯದು. ಆಗ ಅರ್ಧ ಕಿಲೋ ಏರಿದರೆ ಗ್ಲೈಕೋಜನ್ ಮರಳಿದೆ, ಅಷ್ಟೇ.

ಗುರಿ ಮುಟ್ಟಿದ ಮೇಲೆ ಬರೆಯುವುದನ್ನು ಒಮ್ಮೆಲೇ ನಿಲ್ಲಿಸಬೇಡಿ. ಮೊದಲು ಬೆಳಗಿನ ತಿಂಡಿಯ ಲೆಕ್ಕ ಬಿಡಿ, ತಿಂಗಳಾದ ಮೇಲೆ ಮಧ್ಯಾಹ್ನದ್ದು, ಆಮೇಲೆ ರಾತ್ರಿಯದು. ಬೆಳಗಿನ ತೂಕ ಮಾತ್ರ ಮುಂದುವರಿಯಲಿ. ವಾರದ ಸರಾಸರಿ ಗುರಿಗಿಂತ ಒಂದೂವರೆ ಕಿಲೋ ಮೇಲಕ್ಕೆ ಹೋದ ದಿನ ಅಡುಗೆಮನೆ ತಕ್ಕಡಿ ಮತ್ತೆ ಹೊರಗೆ ಬರುತ್ತದೆ, ಎರಡು ವಾರಕ್ಕೆ.