ಲಿವರ್‌ನ ರಕ್ತನಾಳ ಕಟ್ಟಿಕೊಂಡರೆ: ಕಾರಣ, ಪರೀಕ್ಷೆ, ಎಚ್ಚರಿಕೆ

ಹೊಟ್ಟೆಯಲ್ಲಿ ನೀರು ತುಂಬಿದರೆ ಎಲ್ಲರೂ ಮೊದಲು ಕುಡಿತವನ್ನೇ ಶಂಕಿಸುತ್ತಾರೆ. ಕುಡಿಯದವರಲ್ಲೂ ಹೀಗಾಗಬಹುದು, ಆಗ ರಕ್ತನಾಳಗಳನ್ನು ನೋಡಲೇಬೇಕು.

ರಕ್ತ ಹೆಪ್ಪುಗಟ್ಟಿ ಆದ ಅಡ್ಡಿ ಯಾವ ಕಡೆ ಇದೆ ಎಂಬುದು ಮೊದಲ ಪ್ರಶ್ನೆ. ಲಿವರ್‌ಗೆ ಬೇಕಾದ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ರಕ್ತ ತರುವ ಪೋರ್ಟಲ್ ನಾಳದಲ್ಲಿ ಬರುತ್ತದೆ. ಹೊರಹೋಗುವುದು ಮುಖ್ಯವಾಗಿ 3 ಹೆಪಾಟಿಕ್ ನಾಳಗಳಲ್ಲಿ. ಹೊರದಾರಿ ಮುಚ್ಚಿದರೆ ಅದು ಬಡ್-ಕಿಯಾರಿ ಕಾಯಿಲೆ: ರಕ್ತ ಹಿಂದೊತ್ತಿ ಲಿವರ್ ಊದುತ್ತದೆ, ಬಲಪಕ್ಕೆಯ ಕೆಳಗೆ ನೋಯುತ್ತದೆ, ಹೊಟ್ಟೆಯಲ್ಲಿ ನೀರು ಸೇರುತ್ತದೆ. ಒಂದೇ ನಾಳ ಮುಚ್ಚಿದ್ದರೆ ಏನೂ ಗೊತ್ತಾಗದೆಯೂ ಇರಬಹುದು. ಒಳದಾರಿ ಮುಚ್ಚಿದಾಗ ಗುಲ್ಮ (ಸ್ಪ್ಲೀನ್) ದೊಡ್ಡದಾಗುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದರೆ ರಕ್ತವಾಂತಿ. ಇಲ್ಲಿ ಲಿವರ್ ಫಂಕ್ಷನ್ ಟೆಸ್ಟ್ ನಾರ್ಮಲ್ ಬರುವುದುಂಟು, ಅದನ್ನು ನಂಬಿ ಕೂರಬಾರದು.

ಬಡ್-ಕಿಯಾರಿಯಲ್ಲಿ ಮೂಲ ಹೆಚ್ಚಾಗಿ ರಕ್ತದಲ್ಲೇ ಇರುತ್ತದೆ: ಮೂಳೆಮಜ್ಜೆ ರಕ್ತಕಣಗಳನ್ನು ಅತಿಯಾಗಿ ಉತ್ಪಾದಿಸುವುದು, ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಸಿ ಅಥವಾ ಎಸ್ ಕೊರತೆ, ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ರಕ್ತ ಹೆಪ್ಪುಗಟ್ಟಿಸುವ ಕಾಯಿಲೆ). ಗರ್ಭಧಾರಣೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳೂ ಕಾರಣವಾಗಬಹುದು. ಒಂದು ಕಾರಣ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬೇಡಿ; ಒಬ್ಬರಲ್ಲೇ ಎರಡು ಮೂರು ಕೂಡಿರುವುದುಂಟು. ಪೋರ್ಟಲ್ ನಾಳದ ವಿಷಯದಲ್ಲಿ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು), ಮೇದೋಜೀರಕ ಗ್ರಂಥಿಯ ಉರಿಯೂತ, ಹೊಟ್ಟೆಯೊಳಗಿನ ಸೋಂಕು, ಕ್ಯಾನ್ಸರ್ ನೋಡಬೇಕು.

ಮೊದಲ ಪರೀಕ್ಷೆ ಡಾಪ್ಲರ್ ಅಲ್ಟ್ರಾಸೌಂಡ್. ಸ್ಕ್ಯಾನ್ ಚೀಟಿಯಲ್ಲಿ ‘ಡಾಪ್ಲರ್’ ಎಂದು ಬರೆದಿದೆಯೇ ನೋಡಿ. ಸಾದಾ ಸ್ಕ್ಯಾನ್‌ನಲ್ಲಿ ರಕ್ತದ ಹರಿವು ತಿಳಿಯದು. ಖಚಿತಪಡಿಸಲು ಸಿಟಿ ಅಥವಾ ಎಂಆರ್‌ಐ. ರಕ್ತ ಹೆಪ್ಪುಗಟ್ಟದಂತೆ ಮೊದಲು ಹೆಪಾರಿನ್, ನಂತರ ಸಾಮಾನ್ಯವಾಗಿ ವಾರ್ಫರಿನ್ ಕೊಡುತ್ತಾರೆ. ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂಬ ಅಳತೆ) 2–3ರ ನಡುವೆ ಇರಬೇಕು. ಔಷಧ ಸಾಲದಿದ್ದರೆ ನಾಳ ತೆರೆಯಲು ಬಲೂನ್, ಸ್ಟೆಂಟ್, ಇಲ್ಲವೇ ಟಿಪ್ಸ್ (ಲಿವರ್ ಒಳಗೆ ಪೋರ್ಟಲ್, ಹೆಪಾಟಿಕ್ ನಾಳಗಳನ್ನು ಜೋಡಿಸುವ ಕೊಳವೆ), ಕೊನೆಗೆ ಲಿವರ್ ಕಸಿ.

ಹೊಟ್ಟೆ ನೀರು ಇರುವವರು ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಕ ಬರೆದಿಡಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ, ಅಡುಗೆಯಲ್ಲಿ ಹಾಕಿದ್ದೂ ಲೆಕ್ಕಕ್ಕೆ ಸೇರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಶುರುವಾದ ಮೇಲೆ, ಕಾಲೂತವಿಲ್ಲದವರ ತೂಕ ದಿನಕ್ಕೆ ಅರ್ಧ ಕೆಜಿಗಿಂತ ವೇಗವಾಗಿ ಇಳಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು, ವೈದ್ಯರಿಗೆ ತಿಳಿಸಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಬೇಡವೇ ಬೇಡ. ವಾರ್ಫರಿನ್ ಭ್ರೂಣಕ್ಕೆ ಹಾನಿಕರ, ಗರ್ಭಿಣಿಯಾಗುವ ಯೋಚನೆಯಿದ್ದರೆ ಮೊದಲೇ ಹೇಳಿ.

ರಕ್ತವಾಂತಿ, ಟಾರಿನಂಥ ಕಪ್ಪು ಮಲ, ಜ್ವರದೊಂದಿಗೆ ಹೊಟ್ಟೆನೋವು, ಮಾತು ತೊದಲುವುದು ಅಥವಾ ಮಂಕು ಕವಿಯುವುದು: ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ. ಹಠಾತ್ತನೆ ತಡೆಯಲಾರದ ಹೊಟ್ಟೆನೋವು ಬಂದರೆ ಹೆಪ್ಪು ಕರುಳಿನ ನಾಳಕ್ಕೂ ಹಬ್ಬಿರಬಹುದು, ತಡವಾದರೆ ಕರುಳು ಕೊಳೆಯುತ್ತದೆ.