ಅಡಿಕೆ ಸಿಪ್ಪೆಗೆ ಬೆಂಕಿ ಬೇಡ, ನೀರು ಕುಡಿಸಿ

ಅಡಿಕೆ ಸುಲಿಯುವ ಕಾಲ ಬಂತೆಂದರೆ ನಮ್ಮ ಚನ್ನಗಿರಿ ಕಡೆ ರಸ್ತೆ ಬದಿಯಲ್ಲೆಲ್ಲ ಸಿಪ್ಪೆ ಗುಡ್ಡೆ. ಯಾರೋ ಬೆಂಕಿ ಹಚ್ಚುತ್ತಾರೆ, ದಿನಗಟ್ಟಲೆ ಹೊಗೆ. ನಾನೂ ಹಚ್ಚಿದವಳೇ, ಸುಳ್ಳು ಯಾಕೆ ಹೇಳಲಿ.

ಗೊಬ್ಬರ ಮಾಡೋಣ ಅಂತ ಮೊದಲ ಸಲ ಸುಮ್ನೆ ತೋಟದ ಮೂಲೆಗೆ ಸುರಿದು, ಮೇಲೊಂದಿಷ್ಟು ಸಗಣಿ ಎರಚಿದ್ದೆ. ವರ್ಷ ಬಿಟ್ಟು ಗುದ್ದಲಿ ಹಾಕಿದರೆ ಮೇಲಿನ ಒಂದು ಗೇಣು ಮಾತ್ರ ಕಪ್ಪಗಿತ್ತು. ಒಳಗೆ ನಿನ್ನೆ ಸುಲಿದ ಹಾಗೆ ಒಣ ನಾರು. ಅತ್ತೆ ನೋಡಿ, "ನೀರಿಲ್ದೆ ಹೆಂಗ್ ಕೊಳಿತೈತವ್ವಾ?" ಅಂದರು.

ಈಗ ಸಿಪ್ಪೆಯನ್ನು ನೆರಳಲ್ಲಿ ಹರಡಿ, 3 ದಿನ ಬೆಳಿಗ್ಗೆ ಸಂಜೆ ಪೈಪಿನಲ್ಲಿ ನೀರು ಬಿಡುತ್ತೇನೆ. ನಾರು ಮೆತ್ತಗಾದ ಮೇಲೆ ಒಂದು ಅಡಿ ಸಿಪ್ಪೆ, ಅದರ ಮೇಲೆ ನಾಲ್ಕು ಬೆರಳು ಹಸಿ ಸೊಪ್ಪು, ಮೇಲೆ ಸಗಣಿ ಬಗ್ಗಡ. ಬೇಲಿಯ ಗ್ಲಿರಿಸಿಡಿಯಾ ಸೊಪ್ಪೇ ಸಾಕು. ಸಿಪ್ಪೆಯಲ್ಲಿ ಸಾರಜನಕ ಬಹಳ ಕಮ್ಮಿ, ಅದನ್ನು ಸೊಪ್ಪು, ಸಗಣಿಯೇ ತುಂಬಿಕೊಡಬೇಕು. ಹಳೇ ತಿಪ್ಪೆ ಗೊಬ್ಬರವನ್ನೂ ಎರಡು ಬುಟ್ಟಿ ಉದುರಿಸಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೀಗೆ 4 ಅಡಿ ಎತ್ತರ, 5 ಅಡಿ ಅಗಲ. ಅಗಲ ಜಾಸ್ತಿಯಾದರೆ ನಡುವಿಗೆ ಗಾಳಿ ಆಡುವುದಿಲ್ಲ.

ವಾರಕ್ಕೊಮ್ಮೆ ಗುಡ್ಡೆಯೊಳಗೆ ಕಬ್ಬಿಣದ ಸರಳು ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಕೆಲಸ ನಡೆದಿದೆ ಅಂತ. ತಣ್ಣಗಾದರೆ ಮಗುಚಿ ಹಾಕಿ. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆ ಅಲ್ಲ. ಧಾರೆ ಬಿದ್ದರೆ ನಾತ ಶುರುವಾಗುತ್ತದೆ.

ಮಗುಚುವಾಗ ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆಹುಳ ಸುರುಳಿ ಸುತ್ತಿಕೊಂಡು ಬಿದ್ದಿರುತ್ತವೆ. ಬಿಡಬೇಡಿ. ತೆಂಗಿನ ಸುಳಿ ಕೊರೆಯುವ ದುಂಬಿ ಆಗುವುದು ಇಂಥವೇ. ನಮ್ಮ ಕೋಳಿಗಳಿಗಂತೂ ಅವತ್ತು ಹಬ್ಬ. ಗುದ್ದಲಿ ಸದ್ದು ಕೇಳಿದರೆ ಸಾಕು, ಓಡಿ ಬರುತ್ತವೆ.

ನಮ್ಮಲ್ಲಿ ಸಿಪ್ಪೆ ಗೊಬ್ಬರ ಆಗಲು 7-8 ತಿಂಗಳು ಹಿಡಿಯುತ್ತದೆ. ಅವಸರಪಟ್ಟು ಅರೆಬೆಂದದ್ದನ್ನು ಸಸಿಗೆ ಹಾಕಿ ಒಮ್ಮೆ ಎಲೆ ಹಳದಿ ಮಾಡಿಕೊಂಡಿದ್ದೇನೆ. ಕೊಳೆಯುವ ಸಿಪ್ಪೆ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಅಲ್ವಾ. ಕೈಗೆ ಪುಡಿಪುಡಿ ಸಿಕ್ಕು, ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗಲೇ ತೆಗೆಯಿರಿ. ಫಲ ಬಿಡುವ ಅಡಿಕೆ ಮರಕ್ಕೆ ವರ್ಷಕ್ಕೆ ಸುಮಾರು 12 ಕೆಜಿ, ಬುಡಕ್ಕೆ ತಾಗಿಸದೆ ಸುತ್ತ ಹಾಕಿ ಮಣ್ಣು ಮುಚ್ಚುತ್ತೇನೆ.

ಈ ಸಲ ಪಕ್ಕದ ತೋಟದವರ ಸಿಪ್ಪೆಯನ್ನೂ ಕೇಳಿಟ್ಟಿದ್ದೇನೆ. ಟ್ರ್ಯಾಕ್ಟರ್ ಬಾಡಿಗೆ ಮಾತ್ರ ನಂದು.